ರಜೆಗಾಗಿ ಕಾದ ಬಾಲಕ

ಹುಡುಗನೊಬ್ಬನು ಹದಿಮೂರು ದಾಟಿ ಹದಿನಾಲ್ಕಕ್ಕೆ ಕಾಲಿಟ್ಟನೆಂದರೆ ಮನೆಯವರಿಗೆ ಅವನ ವಿಷಯದಲ್ಲಿ ಒಂದು ಬಗೆಯ ಅಸಹನೆ ಹುಟ್ಟುತ್ತದೆ. ಎತ್ತಿ ಮುದ್ದಿಸುವ ವಯಸ್ಸು ಕಳೆದಿರುತ್ತದೆ. ಹತ್ತಿರ ಕೂರಿಸಿಕೊಂಡು ಮಾತು ಕೇಳುವ ವಯಸ್ಸು ಬಂದಿರುವುದಿಲ್ಲ. ಆದರೆ ಪ್ರೀತಿಯ ಹಸಿವು ಅತ್ಯಧಿಕವಾಗಿರುವುದು ಆ ವಯಸ್ಸಿನಲ್ಲಿಯೇ. ಈ ಸತ್ಯವನ್ನು ರವೀಂದ್ರನಾಥ ಠಾಕೂರರು 1890ರ ದಶಕದ ಆರಂಭದಲ್ಲಿ ಬರೆದ ‘ಛುಟಿ’ ಎಂಬ ಬಂಗಾಳಿ ಸಣ್ಣಕಥೆಯಲ್ಲಿ ಮನಮುಟ್ಟುವಂತೆ ತೋರಿಸಿದ್ದಾರೆ. ‘ಛುಟಿ’ ಎಂದರೆ ರಜೆ.

ಮನೆತನದ ಜಮೀನುದಾರಿಯನ್ನು ನೋಡಿಕೊಳ್ಳಲು ಠಾಕೂರರು ಆಗ ಪೂರ್ವ ಬಂಗಾಳದ ನದೀತೀರಗಳಲ್ಲಿ ಸಂಚರಿಸುತ್ತಿದ್ದರು. ದಂಡೆಯ ಮೇಲೆ ಬಿದ್ದಿದ್ದ ದೋಣಿಯ ಕೂವೆಮರವನ್ನು ಹಳ್ಳಿಯ ಮಕ್ಕಳು ಉರುಳಿಸುತ್ತಿದ್ದ ಆಟವನ್ನು ಅವರು ಪತ್ರವೊಂದರಲ್ಲಿ ಬಣ್ಣಿಸಿದ್ದಾರೆ. ಕಥೆಯೂ ಅದೇ ಆಟದಿಂದ ತೊಡಗುತ್ತದೆ.

ಫಟಿಕನು ಹುಡುಗರ ಗುಂಪಿನ ನಾಯಕ. ಹಟ ಹಿಡಿದು ಮರದ ಮೇಲೆ ಕುಳಿತ ತಮ್ಮ ಮಾಖನನನ್ನೂ ಸೇರಿಸಿಯೇ ಮರವನ್ನು ಉರುಳಿಸಿಬಿಡುತ್ತಾನೆ. ವಿಧವೆಯಾದ ತಾಯಿ ಚಿಕ್ಕವನ ಮಾತನ್ನೇ ನಂಬಿ ದೊಡ್ಡವನನ್ನು ದಂಡಿಸುತ್ತಾಳೆ. ಅದೇ ಹೊತ್ತಿಗೆ ಬಂದ ಸೋದರಮಾವ ವಿಶ್ವಂಭರನು, ಓದಿಸುವೆನೆಂದು ಅವನನ್ನು ಕಲ್ಕತ್ತೆಗೆ ಕರೆದೊಯ್ಯುತ್ತಾನೆ. ಹೊರಡುವ ಸಂಭ್ರಮದಲ್ಲಿ ಫಟಿಕನು ತನ್ನ ಗಾಳ, ಗಾಳಿಪಟ, ದಾರದ ಉರುಳೆಗಳನ್ನೆಲ್ಲ ತಮ್ಮನಿಗೇ ಕೊಟ್ಟುಬಿಡುತ್ತಾನೆ. ತುಂಟನೆನಿಸಿಕೊಂಡವನ ಒಳಗಿದ್ದ ಔದಾರ್ಯವನ್ನು ಇಲ್ಲಿ ನಾವು ಕಾಣುತ್ತೇವೆ.

ಪಟ್ಟಣದ ಮನೆಯಲ್ಲಿ ಅತ್ತೆಗೆ ತನ್ನವೇ ಮೂರು ಮಕ್ಕಳು. ಅವಳು ಒಂದು ಕೆಲಸ ಹೇಳಿದರೆ ಸಾಕು, ಹುಡುಗನು ಸಂತೋಷದಿಂದ ಬೇಕಾದುದಕ್ಕಿಂತ ಹೆಚ್ಚೇ ಮಾಡುತ್ತಾನೆ. “ಸಾಕು, ಹೋಗಿ ಓದಿಕೋ” ಎಂಬ ಅರ್ಥದ ಮಾತೇ ಅವನಿಗೆ ದೊರೆಯುವ ಮೆಚ್ಚುಗೆ. ಶಾಲೆಯಲ್ಲಿ ಏಟು, ಮಾವನ ಮಕ್ಕಳಿಗೆ ಅವನನ್ನು ತಮ್ಮವನೆನ್ನಲು ನಾಚಿಕೆ. ಅಮ್ಮನ ಬಳಿಗೆ ಎಂದು ಹೋಗುವುದೆಂದು ಕೇಳಿದರೆ ರಜೆ ಬರಲೆಂದು ಮಾವನ ಉತ್ತರ. ರಜೆ ಕಾರ್ತಿಕದಲ್ಲಿ, ಪೂಜೆಯ ಕಾಲಕ್ಕೆ. ಅದಕ್ಕಿನ್ನೂ ಬಹಳ ದಿನವಿದೆ. ಪುಸ್ತಕ ಕಳೆದಾಗ ಅತ್ತೆಯ ಬೈಗುಳ ಕೇಳಿ, ತಾನು ಪರರ ಹಣವನ್ನು ಹಾಳುಮಾಡುತ್ತಿರುವೆನೆಂದು ಅವನು ಕುಗ್ಗುತ್ತಾನೆ.

ಫಟಿಕನು ದೊಡ್ಡವನಾದುದು ಆ ಗಳಿಗೆಯಲ್ಲಿ ಎಂದು ನಾವು ತಿಳಿಯುತ್ತೇವೆ. ಅಂದೇ ಜ್ವರ ಬರುತ್ತದೆ. ಈ ಮನೆಯಲ್ಲಿ ಮಲಗಿದರೆ ಅತ್ತೆಗೆ ಹೊರೆಯಾಗುವೆನೆಂದು ಅರಿತು ಅವನು ಯಾರಿಗೂ ಹೇಳದೆ ಊರ ಕಡೆಗೆ ಹೊರಟುಬಿಡುತ್ತಾನೆ. ತನ್ನ ನೋವು ಇತರರಿಗೆ ಭಾರವಾಗಬಾರದೆಂಬುದು ಪ್ರೌಢರ ಯೋಚನೆ. ಮಗುವಿಗೆ ಆ ಪ್ರೌಢಿಮೆ ಈ ಬಗೆಯಲ್ಲಿ ಬರಬಾರದಿತ್ತು. ಮಳೆಯಲ್ಲಿ ನೆನೆದು ನಡುಗುತ್ತಿದ್ದವನನ್ನು ಪೊಲೀಸರು ಮರಳಿ ತರುತ್ತಾರೆ. ತಾಯಿ ಓಡಿಬರುವ ಹೊತ್ತಿಗೆ ಅವನು ಆಳ ಅಳೆಯುವ ಹಡಗಿನಾಳುಗಳ ಕೂಗನ್ನು ಕನವರಿಸುತ್ತಿರುತ್ತಾನೆ. ಕೊನೆಗೆ ತನಗೆ ರಜೆ ಬಂದಿತೆಂದು ತಾಯಿಗೆ ತಿಳಿಸುತ್ತಾನೆ.

ಓದುಗರು ಅತ್ತೆಯನ್ನು ದೂಷಿಸಿ ಸುಮ್ಮನಾಗುವಂತಿಲ್ಲ. ಹುಡುಗನು ಕಾಣೆಯಾದ ದಿನ ಆಕೆಯೂ ಚಿಂತೆಯಿಂದ ಸರಿಯಾಗಿ ಊಟ ಮಾಡಿರಲಿಲ್ಲವೆಂದು ಠಾಕೂರರು ಮರೆಯದೆ ಬರೆದಿದ್ದಾರೆ. ಅಂತಃಕರಣ ಇತ್ತು, ಅದು ಮಾತಾಗಿ ಹುಡುಗನ ಕಿವಿಗೆ ಬೀಳಲಿಲ್ಲ.

ನಮ್ಮ ಹಳ್ಳಿಗಳಿಂದಲೂ ಪ್ರತಿವರ್ಷ ಮಕ್ಕಳು ಓದಿಗಾಗಿ ಬಂಧುಗಳ ಮನೆಗೆ, ವಿದ್ಯಾರ್ಥಿನಿಲಯಗಳಿಗೆ ಹೋಗುತ್ತಾರೆ. ಅನ್ನ, ಪುಸ್ತಕ, ಶುಲ್ಕಗಳ ಲೆಕ್ಕವನ್ನು ಹಿರಿಯರು ತಪ್ಪದೆ ನೋಡುತ್ತಾರೆ. ಅದರ ಜೊತೆಗೆ “ಊಟವಾಯಿತೇ ಮಗೂ? ಊರು ನೆನಪಾಗುತ್ತಿದೆಯೇ?” ಎಂದು ದಿನಕ್ಕೊಮ್ಮೆ ಕೇಳಲಿ. ಆ ಹುಡುಗ ಮಾಡಿದ ಸಣ್ಣ ಕೆಲಸಕ್ಕೆ “ಚೆನ್ನಾಗಿ ಮಾಡಿದೆ” ಎನ್ನಲಿ. ಇದಕ್ಕೆ ಖರ್ಚಿಲ್ಲ, ಫಟಿಕನಿಗೆ ಬೇಕಾಗಿದ್ದುದೂ ಇಷ್ಟೇ.