ಹರ್ಪಿಸ್ ರೋಗದ ಔಷಧಗಳು ಮತ್ತು ಪ್ರಯೋಗಪ್ರಾಣಿಗಳ ಸಾಕ್ಷ್ಯ

ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರದಲ್ಲಿ ಹೊಲಗದ್ದೆಗಳಿದ್ದ ಎಡೆಯಲ್ಲಿ ಇಂದು ಕಾರ್ಖಾನೆಗಳಿವೆ. ಬಯೋಕಾನ್, ಸಿಂಜೀನ್ ಮೊದಲಾದ ಸಂಸ್ಥೆಗಳ ಔಷಧ ಸಂಶೋಧನಾಲಯಗಳೂ ಆ ಪರಿಸರದಲ್ಲಿವೆ. ಹೊಸ ಔಷಧವು ರೋಗಿಯನ್ನು ಮುಟ್ಟುವ ಮೊದಲು ಪ್ರಾಣಿಗಳಲ್ಲಿ ಪರೀಕ್ಷಿತವಾಗುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆ ಪರೀಕ್ಷೆಯಿಂದ ತಿಳಿಯುವುದೇನು, ತಿಳಿಯದೆ ಉಳಿಯುವುದೇನು ಎಂಬುದನ್ನು ಮಾತ್ರ ನಾವು ವಿಚಾರಿಸುವುದು ವಿರಳ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಚಿಕಿತ್ಸೆಯ ಇತಿಹಾಸವು ಈ ವಿಚಾರಕ್ಕೆ ಒಳ್ಳೆಯ ಆಧಾರ. ಇತಿಹಾಸದ ಅಧ್ಯಾಪಕರಿಗೆ ಇಲ್ಲಿ ಪರಿಚಿತವಾದ ಸಮಸ್ಯೆಯೇ ಇದೆ: ಸಾಕ್ಷಿಯ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು?

ಜ್ವರ ಬಂದು ಹೋದ ಮೇಲೆ ತುಟಿಯಂಚಿನಲ್ಲಿ ಏಳುವ ನೀರುಗುಳ್ಳೆ ಈ ವೈರಸ್ಸಿನ ಸಾಮಾನ್ಯ ಗುರುತು. ನಮ್ಮ ಜನ ಸರ್ಪಸುತ್ತು ಎನ್ನುವುದು ಇದೇ ಕುಲದ ಬೇರೊಂದು ವೈರಸ್ಸಿನ ಕೆಲಸ. ಹರ್ಪಿಸ್ ಎಂಬ ಹೆಸರು ತೆವಳುವುದೆಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದುದು. ಹಾವಿನ ನೆನಪು ಎರಡು ಭಾಷೆಗಳಿಗೂ ಆದುದು ಕುತೂಹಲಕರ. ತುಟಿಯ ಗುಳ್ಳೆ ತಾನಾಗಿ ಮಾಯುತ್ತದೆ. ಆದರೆ ಅದೇ ವೈರಸ್ ಕಣ್ಣಿನ ಕಾರ್ನಿಯಾ ಎಂಬ ಪಾರದರ್ಶಕ ಪಟಲವನ್ನು ಹೊಕ್ಕರೆ ದೃಷ್ಟಿ ಕೆಡಬಹುದು. ಮಿದುಳನ್ನು ಹೊಕ್ಕರೆ ಪ್ರಾಣವೇ ಹೋಗಬಹುದು.

ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಗ್ರೂಟರ್ 1912ರಲ್ಲಿ ರೋಗಿಯ ಕಣ್ಣಿನ ಹುಣ್ಣಿನಿಂದ ತೆಗೆದ ದ್ರವ್ಯವನ್ನು ಮೊಲದ ಕಾರ್ನಿಯಾಕ್ಕೆ ಸೋಂಕಿಸಿ ಅದೇ ರೋಗವನ್ನು ಉಂಟುಮಾಡಿದನು. ಮೊಲದ ಕಣ್ಣು ದೊಡ್ಡದು. ಬಣ್ಣದ ಹನಿ ಹಾಕಿದರೆ ಕವಲೊಡೆದ ಹುಣ್ಣು ಬರಿಗಣ್ಣಿಗೂ ಕಾಣಬಲ್ಲುದು. ಮದ್ದು ಫಲಿಸಿತೇ ಇಲ್ಲವೇ ಎಂಬುದನ್ನು ದಿನದಿನವೂ ನೋಡಿ ಹೇಳಬಹುದಾಗಿತ್ತು. ಮುಂದಿನ ಅರ್ಧ ಶತಮಾನ ಮೊಲವೇ ಈ ರೋಗದ ಮುಖ್ಯ ಸಾಕ್ಷಿಯಾದುದು ಸಹಜ.

1959ರಲ್ಲಿ ವಿಲಿಯಂ ಪ್ರುಸಾಫ್ ಐಡಾಕ್ಸ್‌ಯೂರಿಡಿನ್ ಎಂಬ ಸಂಯುಕ್ತವನ್ನು ತಯಾರಿಸಿದನು. ಡಿಎನ್‌ಎಯ ಘಟಕವಾದ ಥೈಮಿಡಿನ್ನನ್ನು ಹೋಲುವ ಇದರಲ್ಲಿ ಒಂದು ಗುಂಪಿನ ಸ್ಥಾನದಲ್ಲಿ ಅಯೋಡಿನ್ ಇದೆ. ವೈರಸ್ ಮೋಸಹೋಗಿ ಇದನ್ನೇ ತನ್ನ ಡಿಎನ್‌ಎಯಲ್ಲಿ ಸೇರಿಸಿಕೊಂಡು ಕೆಡುತ್ತದೆ. ಹರ್ಬರ್ಟ್ ಕಾಫ್‌ಮನ್ 1962ರಲ್ಲಿ ಇದನ್ನು ಮೊಲಗಳ ಕಣ್ಣಿಗೂ ಬಳಿಕ ರೋಗಿಗಳ ಕಣ್ಣಿಗೂ ಹಾಕಿ ಗುಣ ಕಂಡನು. ವೈರಸ್ ರೋಗಕ್ಕೆ ಔಷಧವೇ ಸಾಧ್ಯವಿಲ್ಲವೆಂಬ ಅಂದಿನ ನಂಬಿಕೆ ಇದರಿಂದ ಸಡಿಲವಾಯಿತು. ಆದರೆ ದೇಹದ ಸ್ವಂತ ಜೀವಕೋಶಗಳೂ ಇದೇ ಮೋಸಕ್ಕೆ ಒಳಗಾಗುತ್ತಿದ್ದುದರಿಂದ, ಹೊರಗೆ ಹಚ್ಚುವುದಕ್ಕಲ್ಲದೆ ದೇಹದೊಳಕ್ಕೆ ಕೊಡುವುದಕ್ಕೆ ಇದು ಯೋಗ್ಯವಾಗಲಿಲ್ಲ.

ಈ ತೊಡಕನ್ನು ಪರಿಹರಿಸಿದುದು ಅಸೈಕ್ಲೊವಿರ್. ಬರೋಸ್ ವೆಲ್‌ಕಮ್ ಸಂಸ್ಥೆಯ ಹೋವರ್ಡ್ ಷೇಫರ್, ಗರ್ಟ್ರೂಡ್ ಎಲಿಯನ್ ಮತ್ತು ಸಂಗಡಿಗರು 1977-78ರಲ್ಲಿ ಇದನ್ನು ಪ್ರಕಟಪಡಿಸಿದರು. ಈ ಔಷಧವು ಬಂದ ರೂಪದಲ್ಲಿ ನಿಷ್ಕ್ರಿಯ. ವೈರಸ್ ತನ್ನ ಉಪಯೋಗಕ್ಕೆಂದು ತಯಾರಿಸಿಕೊಳ್ಳುವ ಥೈಮಿಡಿನ್ ಕೈನೇಸ್ ಎಂಬ ಕಿಣ್ವವೇ ಇದಕ್ಕೆ ಮೊದಲ ಫಾಸ್ಫೇಟನ್ನು ಜೋಡಿಸಿ ಎಚ್ಚರಿಸುತ್ತದೆ. ಆದುದರಿಂದ ಸೋಂಕಿಲ್ಲದ ಜೀವಕೋಶಕ್ಕೆ ಬಾಧೆ ಅತ್ಯಲ್ಪ. ಕಳ್ಳನ ಕೈಯಿಂದಲೇ ಬೀಗ ಹಾಕಿಸಿದಂತೆ! ಮಿದುಳಿನ ಹರ್ಪಿಸ್‌ನಲ್ಲಿ ಹಳೆಯ ವಿಡರಾಬಿನ್ ಔಷಧ ಪಡೆದವರಲ್ಲಿ ಶೇಕಡ 54 ಮಂದಿ ಸತ್ತರೆ, ಅಸೈಕ್ಲೊವಿರ್ ಪಡೆದವರಲ್ಲಿ ಶೇಕಡ 28 ಮಂದಿ ಸತ್ತರೆಂದು 1986ರಲ್ಲಿ ಅಮೆರಿಕದ ಪರೀಕ್ಷೆಯೊಂದು ತೋರಿಸಿತು. 1988ರ ನೊಬೆಲ್ ಪಾರಿತೋಷಕದಲ್ಲಿ ಎಲಿಯನ್ ಅವರಿಗೆ ಪಾಲು ದೊರೆಯಿತು.

ಹಾಗಾದರೆ ರೋಗ ನಿರ್ಮೂಲವಾಯಿತೇ? ಇಲ್ಲ. ಅದರ ಕಾರಣವನ್ನು ಹೇಳಿದುದು ಇಲಿ. ಇಲಿಯ ಪಾದಕ್ಕೆ ಚುಚ್ಚಿದ ವೈರಸ್ ಬೆನ್ನುಹುರಿಯ ಬದಿಯ ನರಗಂಟುಗಳಲ್ಲಿ ಅಡಗಿ ಕುಳಿತಿರುತ್ತದೆಂದು ಸ್ಟೀವನ್ಸ್ ಮತ್ತು ಕುಕ್ 1971ರಲ್ಲಿ ತೋರಿಸಿದ್ದರು. ಅಡಗಿದ ವೈರಸ್ ವೃದ್ಧಿಯಾಗುತ್ತಿರುವುದಿಲ್ಲ. ವೃದ್ಧಿಯನ್ನು ತಡೆಯುವ ಮದ್ದು ಅದನ್ನು ತಟ್ಟಲಾರದು. ಸೋಂಕಿದ ಕೂಡಲೇ ಚಿಕಿತ್ಸೆ ಆರಂಭಿಸಿದರೆ ಇಲಿಗಳಲ್ಲಿ ಈ ಅಡಗುವಿಕೆ ಕಡಿಮೆಯಾಗುವುದುಂಟು. ಮನುಷ್ಯನಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಸೋಂಕಿದ ಗಳಿಗೆ ಯಾರಿಗೂ ತಿಳಿದಿರುವುದಿಲ್ಲ.

ಸಾಕ್ಷಿಗಳ ಮಿತಿಯೂ ಇಲ್ಲಿಯೇ ಕಾಣುತ್ತದೆ. ಇಲಿಯಲ್ಲಿ ಅಡಗಿದ ವೈರಸ್ ತಾನಾಗಿ ಮತ್ತೆ ಏಳುವುದು ಅಪರೂಪ. ಮೊಲದ ಕಣ್ಣಿನಲ್ಲಿ, ಗಿನಿಯಿಲಿಯ ಚರ್ಮದಲ್ಲಿ ಅದು ಮರಳಿ ಮರಳಿ ಏಳುತ್ತದೆ. ಮರುಕಳಿಕೆಯನ್ನು ತಡೆಯುವ ಮದ್ದನ್ನು ಇಲಿಯಲ್ಲಷ್ಟೇ ಪರೀಕ್ಷಿಸಿ ಮೆಚ್ಚುವುದು, ನನ್ನ ದೃಷ್ಟಿಯಲ್ಲಿ, ಏನನ್ನೂ ಕಂಡಿಲ್ಲದವನ ಸಾಕ್ಷ್ಯವನ್ನು ದಾಖಲಿಸಿಕೊಂಡಂತೆ.

ಈ ಪ್ರಾಣಿಗಳ ಪಾಡನ್ನು ನಮ್ಮ ದೇಶ ಮರೆತಿಲ್ಲ. ರಾಜ್ಯಸಭೆಯಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ಮಂಡಿಸಿದ ವಿಧೇಯಕವು 1960ರ ಪ್ರಾಣಿಹಿಂಸೆ ತಡೆ ಕಾನೂನಿಗೆ ದಾರಿಮಾಡಿತು. 1998ರ ನಿಯಮಗಳಂತೆ ಪ್ರಯೋಗ ನಡೆಸುವ ಸಂಸ್ಥೆಯು ನೋಂದಣಿ ಪಡೆದು, ನೈತಿಕ ಸಮಿತಿಯ ಒಪ್ಪಿಗೆಯ ಮೇಲೆಯೇ ಮುಂದುವರಿಯಬೇಕು.

ಪ್ರಾಣಿಯೇ ರೋಗಿಯಾದಾಗ ಸ್ಥಿತಿ ಬೇರೆ. ಹರ್ಪಿಸ್ ಕುಲದ ಒಂದು ವೈರಸ್ ಆನೆಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. 2019ರಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ನಾಲ್ಕು ಆನೆಗಳು ಇದರಿಂದ ಸತ್ತವು. ಬೊಮ್ಮಸಂದ್ರಕ್ಕೆ ಸಮೀಪದ ಬನ್ನೇರುಘಟ್ಟದಂತೆ ಆನೆಮರಿಗಳು ಬೆಳೆಯುವ ಎಡೆಗಳಿಗೆಲ್ಲ ಇದು ಚಿಂತೆಯ ವಿಷಯ. ಈ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದು ಬಹು ಕಷ್ಟವಾದುದರಿಂದ, ಮನುಷ್ಯರಿಗಾಗಿ ಸಿದ್ಧವಾದ ಫ್ಯಾಮ್‌ಸೈಕ್ಲೊವಿರ್ ಮೊದಲಾದ ಮದ್ದುಗಳನ್ನೇ ಹೋಲಿಕೆಯ ಬಲದಿಂದ ಮರಿಗಳಿಗೆ ಕೊಡುತ್ತಾರೆ. ಕೆಲವು ಬದುಕಿವೆ; ಮದ್ದಿನಿಂದಲೇ ಬದುಕಿದವೆಂದು ಹೇಳುವಷ್ಟು ಸಾಕ್ಷ್ಯ ಇನ್ನೂ ದೊರೆತಿಲ್ಲ.