ಅಳಿದ ಫೋಲ್ಡರ್, ಉಳಿದ ವಿಳಾಸ

ಲಿನಕ್ಸ್ ಇರುವ ಗಣಕದಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ. 'ಶಾಲೆ' ಎಂಬ ಫೋಲ್ಡರ್, ಅದರೊಳಗೆ 'ಅಂಕಪಟ್ಟಿ', ಅದರೊಳಗೆ 'ಹತ್ತನೇ ತರಗತಿ' - ಹೀಗೆ ಮೂರು ಫೋಲ್ಡರ್‌ಗಳನ್ನು ರಚಿಸಿ. ಫೈಲ್ ಮ್ಯಾನೇಜರ್‌ನ ಎರಡು ಕಿಟಕಿಗಳನ್ನು ತೆರೆಯಿರಿ. ಮೊದಲ ಕಿಟಕಿಯಲ್ಲಿ ಕೊನೆಯ ಫೋಲ್ಡರಿನವರೆಗೆ ಹೋಗಿ. ಮೇಲಿನ ಪಟ್ಟಿಯಲ್ಲಿ ನೀವು ಬಂದ ದಾರಿ ಕಾಣುತ್ತದೆ. ಈಗ ಎರಡನೆಯ ಕಿಟಕಿಯಲ್ಲಿ ನಡುವಿನ 'ಅಂಕಪಟ್ಟಿ'ಯನ್ನು ಅಳಿಸಿ. ಮೊದಲ ಕಿಟಕಿಯ ಪಟ್ಟಿ ಏನು ಮಾಡಬೇಕು?

ಅದು ಹಳೆಯ ದಾರಿಯನ್ನೇ ತೋರಿಸುತ್ತಿದ್ದರೆ ಅಪಾಯವಿದೆ. ಅಷ್ಟರಲ್ಲಿ ಯಾರಾದರೂ ಅದೇ ಹೆಸರಿನ ಹೊಸ ಫೋಲ್ಡರ್ ರಚಿಸಿದ್ದರೆ, ಪಟ್ಟಿಯನ್ನು ಕ್ಲಿಕ್ಕಿಸಿದ ನೀವು ಅಲ್ಲಿಗೆ ಹೋಗುತ್ತೀರಿ. ನಿಮ್ಮದೆಂದು ತಿಳಿದು ಇನ್ನೊಬ್ಬರ ಕಡತವನ್ನು ಅಳಿಸಲೂಬಹುದು. ಹೆಸರು ಬಾಗಿಲಿಗೆ ಅಂಟಿಸಿದ ಚೀಟಿಯಷ್ಟೇ. ಲಿನಕ್ಸ್ ಒಳಗೊಳಗೆ ಫೋಲ್ಡರನ್ನು ಗುರುತಿಸುವುದು ಐನೋಡ್ ಎಂಬ ಸಂಖ್ಯೆಯಿಂದ.

ಅಳಿಸಿದ್ದು ತಂತ್ರಾಂಶಕ್ಕೆ ತಿಳಿಯುವುದು ಹೇಗೆ? ಕೆಲವು ಸೆಕೆಂಡಿಗೊಮ್ಮೆ 'ಇದೆಯೇ?' ಎಂದು ತಾನೇ ನೋಡುತ್ತಿರುವುದು ಒಂದು ದಾರಿ. ಇದರಲ್ಲಿ ಶ್ರಮ ವ್ಯರ್ಥ, ಸುದ್ದಿಯೂ ತಡ. ಬದಲಾವಣೆಯಾದಾಗ ಕಾರ್ಯಾಚರಣ ವ್ಯವಸ್ಥೆಯೇ ತಿಳಿಸುವುದು ಇನ್ನೊಂದು ದಾರಿ. 2005ರಲ್ಲಿ ಲಿನಕ್ಸ್ ಕರ್ನಲ್‌ನ 2.6.13ನೇ ಆವೃತ್ತಿಗೆ ಸೇರಿದ 'ಐನೋಟಿಫೈ' ಈ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಫೋಲ್ಡರನ್ನು ಕಸದ ಬುಟ್ಟಿಗೆ ಹಾಕಿದಾಗ ಅದು ಸಾಮಾನ್ಯವಾಗಿ ಅಳಿಯುವುದಿಲ್ಲ, ಬೇರೆಡೆಗೆ ಸ್ಥಳಾಂತರವಾಗುತ್ತದೆ. 'ಅಂಕಪಟ್ಟಿ' ಸ್ಥಳಾಂತರವಾದರೆ ಅದರೊಳಗಿನ 'ಹತ್ತನೇ ತರಗತಿ'ಯಲ್ಲಿ ಏನೂ ಬದಲಾಗದು. ಆದ್ದರಿಂದ ಕೊನೆಯ ಫೋಲ್ಡರೊಂದನ್ನೇ ಕಾಯುತ್ತಿರುವ ತಂತ್ರಾಂಶಕ್ಕೆ ಸುದ್ದಿಯೇ ಬಾರದು. ಪಟ್ಟಿಯಲ್ಲಿರುವ ಪ್ರತಿಯೊಂದು ಫೋಲ್ಡರಿಗೂ ಕಾವಲಿಡಬೇಕು. 'ಅಳಿಯಿತು', 'ಹೊರಹೋಯಿತು' ಎಂಬ ಎರಡೂ ಸಂದೇಶಗಳಿಗೆ ಕಿವಿಗೊಡಬೇಕು.

ಸುದ್ದಿ ಬಂದ ಮೇಲಿನ ಕೆಲಸ ಸರಳ. ಪಟ್ಟಿಯ ಬಲತುದಿಯಿಂದ ಎಡಕ್ಕೆ ಒಂದೊಂದೇ ಹೆಜ್ಜೆ ಸರಿಯುತ್ತ, ಮೊದಲು ಸಿಗುವ ಜೀವಂತ ಫೋಲ್ಡರಿನಲ್ಲಿ ನಿಲ್ಲಬೇಕು. ನಮ್ಮ ಪ್ರಯೋಗದಲ್ಲಿ ಅದು 'ಶಾಲೆ'. ಪಟ್ಟಿಯನ್ನು ಅಲ್ಲಿಗೆ ಕತ್ತರಿಸಿ, ಕಡತಗಳನ್ನು ಮತ್ತೆ ಓದಿ, 'ಹಿಂದಕ್ಕೆ' ಗುಂಡಿಯ ನೆನಪಿನಿಂದಲೂ ಹೋದ ವಿಳಾಸಗಳನ್ನು ತೆಗೆಯಬೇಕು. ಏನಾಯಿತೆಂದು ಬಳಕೆದಾರರಿಗೆ ಒಂದು ಸಾಲಿನಲ್ಲಿ ತಿಳಿಸಬೇಕು.

ಇಷ್ಟಾದರೂ ಸುದ್ದಿಯನ್ನು ಪೂರ್ತಿ ನಂಬುವಂತಿಲ್ಲ. ಐನೋಟಿಫೈ ಸರತಿಯಲ್ಲಿ ಸಾಮಾನ್ಯವಾಗಿ 16,384 ಸಂದೇಶಗಳಿಗೆ ಮಾತ್ರ ಜಾಗ. ಅದು ತುಂಬಿದರೆ 'ಸರತಿ ತುಂಬಿದೆ' ಎಂಬ ಸೂಚನೆಯಷ್ಟೇ ಬಂದು ಉಳಿದವು ಕಳೆದುಹೋಗುತ್ತವೆ. ಆಗ ಎಲ್ಲವನ್ನೂ ಹೊಸದಾಗಿ ಓದಬೇಕು. ಜಾಲದ ಮೂಲಕ ಹಂಚಿಕೊಂಡ ಫೋಲ್ಡರನ್ನು ಇನ್ನೊಂದು ಗಣಕದಿಂದ ಅಳಿಸಿದರೆ ಸಂದೇಶವೇ ಬಾರದು. 'ಇದೆಯೇ ಎಂದು ನೋಡಿ, ಆಮೇಲೆ ತೆರೆ' ಎಂಬ ಕ್ರಮವೂ ಸಾಲದು, ಏಕೆಂದರೆ ನೋಡುವುದಕ್ಕೂ ತೆರೆಯುವುದಕ್ಕೂ ನಡುವೆಯೇ ಅದು ಅಳಿದುಹೋಗಬಹುದು. ನೇರವಾಗಿ ತೆರೆಯಲು ಯತ್ನಿಸಿ, ಸೋತರೆ ಮೇಲಿನ ಫೋಲ್ಡರಿಗೆ ಸರಿಯುವುದೇ ಸರಿಯಾದ ಕ್ರಮ.

ಪ್ರಯೋಗವನ್ನು ಮತ್ತೊಮ್ಮೆ ಮಾಡಿ. ಈ ಬಾರಿ 'ಅಂಕಪಟ್ಟಿ'ಯನ್ನು ಅಳಿಸದೆ ಅದರ ಹೆಸರನ್ನು ಮಾತ್ರ ಬದಲಿಸಿ. ಪಟ್ಟಿ ಏನು ಮಾಡಬೇಕೆಂದು ವಿದ್ಯಾರ್ಥಿಗಳು ಮೊದಲು ಊಹಿಸಲಿ, ಅನಂತರ ನೋಡಲಿ.