ನಿಂತ ಕಾರಿನ ಎಂಜಿನ್ ಅಬ್ಬರಿಸುವುದೇಕೆ?

ಸೊರಬದಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ, ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಅವರ ಮೂರು ಸಿಲಿಂಡರಿನ ಪೆಟ್ರೋಲ್ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ವಿಚಿತ್ರ ಕಾಯಿಲೆ ಹತ್ತಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ನಿನ ಅಬ್ಬರ ಇಳಿಯದು. ಇಳಿಜಾರಿನಲ್ಲಿ ಕಾರು ತಾನಾಗಿಯೇ ಮುನ್ನುಗ್ಗುವುದು. ಗ್ಯಾರೇಜಿನಲ್ಲಿ "ಕಂಪ್ಯೂಟರ್ ಹೋಗಿದೆ ಸಾರ್, ಬದಲಿಸಬೇಕು" ಎಂದರು. ಖರ್ಚು ಕೇಳಿ ಗಾಬರಿಯಾದ ಮೇಷ್ಟ್ರು ನನಗೆ ಫೋನ್ ಮಾಡಿದರು.

ಗಾಡಿ ನಿಂತಿದ್ದು, ಕಾಲು ತೆಗೆದಿರುವಾಗ ಎಂಜಿನ್ ತಿರುಗುವ ಕನಿಷ್ಠ ವೇಗಕ್ಕೆ ಐಡಲ್ ವೇಗ ಎನ್ನುತ್ತಾರೆ. ಇಂಥ ಎಂಜಿನ್ನಿಗೆ ಅದು ನಿಮಿಷಕ್ಕೆ ಸುಮಾರು 850 ಸುತ್ತು. ಈ ಕಾರಿನಲ್ಲಿ ವೇಗ ತೋರಿಸುವ ಮಾಪಕವಿರಲಿಲ್ಲ. ಮೊಬೈಲಿನ ಧ್ವನಿ ವಿಶ್ಲೇಷಕವನ್ನು ಹೊಗೆ ಕೊಳವೆಯ ಬಳಿ ಹಿಡಿದೆವು. 38 ಹರ್ಟ್ಸ್ ತೋರಿಸಿತು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನಲ್ಲೂ ಎರಡು ಸುತ್ತಿಗೊಮ್ಮೆ ದಹನ ನಡೆಯುತ್ತದೆ. ಮೂರು ಸಿಲಿಂಡರಿಗೆ ಎರಡು ಸುತ್ತಿನಲ್ಲಿ ಮೂರು ದಹನ. ಹಾಗಾದರೆ ವೇಗ 38 × 60 × 2 ÷ 3, ಅಂದರೆ 1520 ಸುತ್ತು!

ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಎಂದು ನಿಮಗೆ ಅನಿಸಬಹುದು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಹೆಚ್ಚಿನ ಗಾಳಿ ಎಲ್ಲಿಂದ ಬಂತು?

ನಮ್ಮ ದೇಶದಲ್ಲಿ 2000ದಲ್ಲಿ ಹೊಗೆ ನಿಯಮಗಳು ಬಿಗಿಯಾದ ಆಸುಪಾಸಿನಲ್ಲಿ ಸಣ್ಣ ಕಾರುಗಳಲ್ಲೂ ಕಾರ್ಬ್ಯುರೇಟರ್ ಹೋಗಿ ಇಂಧನ ಚಿಮ್ಮಿಸುವ ವ್ಯವಸ್ಥೆ ಬಂತು. ಇಂಥ ಹಲವು ಕಾರುಗಳಲ್ಲಿ ಥ್ರಾಟಲ್ ಕವಾಟದಿಂದಾಚೆಯ ಮ್ಯಾನಿಫೋಲ್ಡ್ ಕೊಳವೆಯ ಒತ್ತಡವನ್ನು ಸಂವೇದಕವೊಂದು ಅಳೆಯುತ್ತದೆ. 1967ರಲ್ಲಿ ಬಾಷ್ ಸಂಸ್ಥೆ ಹೊರತಂದ ಡಿ-ಜೆಟ್ರಾನಿಕ್ ವ್ಯವಸ್ಥೆಯ ತತ್ತ್ವವೂ ಇದೇ. 'ಡಿ' ಎಂದರೆ ಜರ್ಮನ್ ಭಾಷೆಯ 'ಡ್ರುಕ್', ಒತ್ತಡ. ಒತ್ತಡ ಏರಿದರೆ ಗಾಳಿ ಹೆಚ್ಚಿದೆ ಎಂದು ಕಂಪ್ಯೂಟರ್ ತಿಳಿದು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸೇರಿಸುತ್ತದೆ. ಗಾಳಿ ಕಳ್ಳದಾರಿಯಿಂದ ಬಂದರೂ ಅದಕ್ಕೆ ಪೆಟ್ರೋಲ್ ಸಿಗುತ್ತದೆ, ವೇಗ ಏರುತ್ತದೆ.

ಎಷ್ಟು ದೊಡ್ಡ ತೂತು ಬೇಕು? ಸೊರಬ ಸಮುದ್ರಮಟ್ಟದಿಂದ ಸುಮಾರು 580 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯು ಒತ್ತಡ ಸುಮಾರು 95 ಕಿಲೊಪಾಸ್ಕಲ್. ಐಡಲ್ ವೇಗದಲ್ಲಿ ಮ್ಯಾನಿಫೋಲ್ಡ್ ಒತ್ತಡ ಸುಮಾರು 35. ಒಳಗಿನ ಒತ್ತಡ ಹೊರಗಿನದರ 0.53 ಪಾಲಿಗಿಂತ ಕಡಿಮೆಯಾದರೆ ತೂತಿನಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿ, ಅಲ್ಲಿಗೇ ನಿಲ್ಲುತ್ತದೆ. ಆಗ ಒಳನುಗ್ಗುವ ಗಾಳಿಯನ್ನು ನಿರ್ಧರಿಸುವುದು ಮುಖ್ಯವಾಗಿ ತೂತಿನ ವಿಸ್ತೀರ್ಣ. ಸಣ್ಣ ಕೊತ್ತಂಬರಿ ಬೀಜದಷ್ಟು, 3 ಮಿಲಿಮೀಟರ್ ವ್ಯಾಸದ ತೂತಿನಲ್ಲಿ ಸೆಕೆಂಡಿಗೆ ಸುಮಾರು 1.2 ಗ್ರಾಂ ಗಾಳಿ ನುಗ್ಗುತ್ತದೆ. 800 ಸಿಸಿ ಎಂಜಿನ್ನಿಗೆ ಐಡಲ್ ವೇಗದಲ್ಲಿ ಬೇಕಾಗುವುದೇ ಸುಮಾರು 2 ಗ್ರಾಂ! ಕಂಪ್ಯೂಟರ್ ತನ್ನ ಐಡಲ್ ಕವಾಟವನ್ನು ಮುಚ್ಚಿ ಸರಿದೂಗಿಸಲು ನೋಡುತ್ತದೆ. ಕವಾಟ ಪೂರ್ತಿ ಮುಚ್ಚಿದ ಮೇಲೆ ಅದು ನಿಸ್ಸಹಾಯಕ.

ಹುಡುಕುವ ಕ್ರಮ ಹೀಗಿರಲಿ. ಕಾರು ಬಯಲಿನಲ್ಲಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಪಂಚೆ, ಸೆರಗು ಫ್ಯಾನಿನಿಂದ ದೂರವಿರಲಿ.

ಮೊದಲು, ಆಕ್ಸಿಲರೇಟರ್ ಕೇಬಲ್ ಬಿಗಿದುಕೊಂಡು ಥ್ರಾಟಲನ್ನು ತುಸು ತೆರೆದೇ ಇಟ್ಟಿದೆಯೇ ನೋಡಿ.

ಎರಡನೆಯದು ನೀರಿನ ಉಷ್ಣತೆಯ ಸಂವೇದಕ. ಅದೊಂದು ಥರ್ಮಿಸ್ಟರ್. ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ರೋಧ ಸುಮಾರು 2500 ಓಮ್. 80 ಡಿಗ್ರಿಯಲ್ಲಿ ಸುಮಾರು 300 ಓಮ್. ಎಂಜಿನ್ ಕಾದ ಮೇಲೂ ರೋಧ ಹೆಚ್ಚಾಗಿಯೇ ಇದ್ದರೆ, ಎಂಜಿನ್ ಇನ್ನೂ ತಣ್ಣಗಿದೆ ಎಂದು ಬಗೆದು ಕಂಪ್ಯೂಟರೇ ವೇಗ ಏರಿಸುತ್ತದೆ.

ಮೂರನೆಯದು ರಬ್ಬರ್ ಕೊಳವೆಗಳು. 'ಸುಯ್' ಎಂಬ ಸದ್ದಿಗೆ ಕಿವಿಗೊಡಿ. ಬಟ್ಟೆ ಸುತ್ತಿದ ಇಕ್ಕಳದಿಂದ ಒಂದೊಂದೇ ಕೊಳವೆಯನ್ನು ಮ್ಯಾನಿಫೋಲ್ಡಿನ ಹತ್ತಿರ ಮೆಲ್ಲಗೆ ಅದುಮಿ. ವೇಗ ತಟ್ಟನೆ ಇಳಿದರೆ ಸೋರಿಕೆ ಆ ದಾರಿಯಲ್ಲಿದೆ. ಸೋರಿಕೆ ಹುಡುಕಲು ಪೆಟ್ರೋಲ್ ಎರಚುವ ಅಭ್ಯಾಸ ಕೆಲವರಿಗಿದೆ. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಗೆ ಆಹ್ವಾನ.

ಕೊನೆಗೆ ಐಡಲ್ ಕವಾಟ. ಮಸಿ ಕಟ್ಟಿ ತೆರೆದೇ ಉಳಿದಿದ್ದರೆ ಬಿಚ್ಚಿ ಶುಚಿಗೊಳಿಸಬೇಕು. ಇಷ್ಟೆಲ್ಲ ಆಗುವವರೆಗೆ ಥ್ರಾಟಲಿನ ತಿರುಪನ್ನು ಮುಟ್ಟಬೇಡಿ, ಕಂಪ್ಯೂಟರನ್ನು ದೂರಬೇಡಿ.

ನಮ್ಮ ಮೇಷ್ಟ್ರ ಕಾರಿನಲ್ಲಿ ಮೂರನೆಯ ಹಂತಕ್ಕೇ ಉತ್ತರ ಸಿಕ್ಕಿತು. ಬ್ರೇಕ್ ಬೂಸ್ಟರಿಗೆ ಹೋಗುವ ಕೊಳವೆಯನ್ನು ಅದುಮಿದೊಡನೆ ಅಬ್ಬರ ಇಳಿಯಿತು. ಕೊಳವೆಯ ಬಾಗಿನ ಅಡಿಯಲ್ಲಿ, ಬಿಸಿಗೆ ಗಡುಸಾದ ರಬ್ಬರು ಸೀಳಿತ್ತು. ಬ್ರೇಕ್ ಹೇಗಿದೆ ಎಂದು ಕೇಳಿದೆ. "ಎಂಟು ದಿನದಿಂದ ಪೆಡಲ್ ಗಟ್ಟಿ ಅನಿಸುತ್ತಿತ್ತು, ನನ್ನ ಮಂಡಿನೋವು ಅಂದುಕೊಂಡೆ" ಎಂದರು!

ನಮ್ಮ ಕಾಲಿನ ಒತ್ತಡಕ್ಕೆ ಬೂಸ್ಟರ್ ನೆರವಾಗುವುದು ಮ್ಯಾನಿಫೋಲ್ಡಿನ ಕಡಿಮೆ ಒತ್ತಡದಿಂದಲೇ. ಕೊಳವೆ ಸೋರಿದರೆ ಎಂಜಿನ್ ಮುನ್ನುಗ್ಗುತ್ತದೆ, ಬ್ರೇಕಿನ ನೆರವೂ ಕುಗ್ಗುತ್ತದೆ. ಕೊಳವೆ ಬದಲಿಸಿದ ಮೇಲೆ ಎರಡೂ ಸರಿಹೋದವು.

ನೀವೂ ಇದನ್ನು ಪರೀಕ್ಷಿಸಬಹುದು. ಎಂಜಿನ್ ನಿಲ್ಲಿಸಿ, ಬ್ರೇಕನ್ನು ನಾಲ್ಕೈದು ಬಾರಿ ತುಳಿಯಿರಿ. ಪೆಡಲನ್ನು ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಕಾರನ್ನು ರಸ್ತೆಗೆ ತೆಗೆಯುವ ಮೊದಲೇ ಮೆಕ್ಯಾನಿಕ್‌ನನ್ನು ಕರೆಸಿ.